ಕೌಟುಂಬಿಕ ವ್ಯಾಜ್ಯಗಳ ಸಮಾಜಸೇವಕರು: ನಾಲ್ಕು ತಾಲ್ಲೂಕುಗಳಲ್ಲಿ ಹೊಣೆ ಮತ್ತು ದುಡಿಮೆಯ ಇತಿಹಾಸ

ಕುಟುಂಬದೊಳಗಣ ಕಲಹವು ನ್ಯಾಯಸ್ಥಾನದ ಮೆಟ್ಟಿಲನ್ನೇರಿದಾಗ, ಆ ಮನೆಯ ಸ್ಥಿತಿಗತಿಗಳನ್ನು ವಿಚಾರಿಸಿ ನ್ಯಾಯಾಧೀಶರಿಗೆ ತಿಳಿಸುವ ಕೆಲಸವು ಸಮಾಜಸೇವಕರ ಪಾಲಿಗೆ ಬರುತ್ತದೆ. ಶಾಸನಗಳ ಚರಿತ್ರೆಯನ್ನು ಓದುವ ನಾವು ಅವುಗಳನ್ನು ನಡೆಸುವವರ ದುಡಿಮೆಯನ್ನು ಮರೆಯುವುದುಂಟು. 2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳನ್ನು ಮುಂದಿರಿಸಿಕೊಂಡು, ಈ ಹೊಣೆಯು ಯಾರ ಮೇಲೆ ಯಾವ ಕ್ರಮದಿಂದ ಬಿದ್ದಿತೆಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಈ ಸೀಮೆಯು ಮೈಸೂರು ಸಂಸ್ಥಾನಕ್ಕೆ ಸೇರಿದ್ದಾಗ, ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ 1894ರ ಶಿಶುವಿವಾಹ ನಿರೋಧ ರೆಗ್ಯುಲೇಷನ್ ಜಾರಿಗೆ ಬಂದಿತು. 8 ವರ್ಷ ತುಂಬದ ಹೆಣ್ಣುಮಕ್ಕಳ ವಿವಾಹವನ್ನೂ, 50 ವರ್ಷ ಮೀರಿದ ಪುರುಷನು 14 ತುಂಬದ ಹುಡುಗಿಯನ್ನು ವರಿಸುವುದನ್ನೂ ಅದು ದಂಡನಾರ್ಹವೆಂದು ಸಾರಿತು. ಬ್ರಿಟಿಷ್ ಇಂಡಿಯಾದಲ್ಲಿ ಶಾರದಾ ಕಾಯಿದೆಯಾದುದು 1929ರಲ್ಲಿ ಎಂಬುದನ್ನು ನೆನೆದರೆ ಸಂಸ್ಥಾನದ ಧೈರ್ಯವು ಮೆಚ್ಚತಕ್ಕುದೇ ಸರಿ. ಆದರೆ ಮನೆಮನೆಯ ಸಂಗತಿಯನ್ನು ಅರಿಯಬಲ್ಲ ಪ್ರತ್ಯೇಕ ಸೇವಕವರ್ಗವು ಅದರೊಡನೆ ಹುಟ್ಟಲಿಲ್ಲ. ತಾಲ್ಲೂಕಿನಲ್ಲಿ ಸರ್ಕಾರವೆಂದರೆ ಅಮಲ್ದಾರನೇ ಆಗಿದ್ದ ಕಾಲವದು. ಕಂದಾಯದ ಕೆಲಸದೊಡನೆ ಇತರ ಹೊಣೆಗಳೂ ಆತನ ಕಚೇರಿಯಲ್ಲಿಯೇ ಬಂದು ಸೇರುತ್ತಿದ್ದುವು.

ಸ್ವಾತಂತ್ರ್ಯಾನಂತರ ಭಾವನೆ ಬದಲಾಯಿತು. 1976ರಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಗೆ ಸೇರಿದ 32ಎ ಆದೇಶವು, ಕುಟುಂಬದ ದಾವೆಗಳಲ್ಲಿ ರಾಜಿಗೆ ಪ್ರಯತ್ನಿಸಬೇಕೆಂದೂ, ಕುಟುಂಬಕಲ್ಯಾಣದಲ್ಲಿ ತೊಡಗಿದವರ, ಸಾಧ್ಯವಾದರೆ ಸ್ತ್ರೀಯರ, ನೆರವನ್ನು ಪಡೆಯಬಹುದೆಂದೂ ಹೇಳಿತು. 1984ರ ಕುಟುಂಬ ನ್ಯಾಯಾಲಯಗಳ ಅಧಿನಿಯಮವು ಸಲಹೆಗಾರರನ್ನೇ ನೇಮಿಸಲು ಅವಕಾಶವಿತ್ತಿತು. ಆದರೆ ಅಂತಹ ನ್ಯಾಯಾಲಯವನ್ನು ಸ್ಥಾಪಿಸುವುದು ಕಡ್ಡಾಯವಾದುದು 10 ಲಕ್ಷಕ್ಕೆ ಮೀರಿದ ಜನಸಂಖ್ಯೆಯುಳ್ಳ ನಗರಗಳಿಗೆ ಮಾತ್ರ. 2011ರ ಗಣತಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಸಮಗ್ರ ಜನಸಂಖ್ಯೆಯೇ 12,55,104. ಸಣ್ಣ ಊರುಗಳ ಮಟ್ಟಿಗೆ ಅದು ಸರ್ಕಾರದ ವಿವೇಚನೆಗೆ ಬಿಟ್ಟ ವಿಷಯವಾಯಿತು.

ತಾಲ್ಲೂಕುಗಳಿಗೆ ನೇರವಾಗಿ ತಟ್ಟಿದ ಶಾಸನವೆಂದರೆ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣೆಯನ್ನು ಕುರಿತ 2005ರ ಅಧಿನಿಯಮ. ಇದರನ್ವಯ ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳನ್ನೇ ಸಂರಕ್ಷಣಾಧಿಕಾರಿಗಳೆಂದು ಗೊತ್ತುಮಾಡಲಾಯಿತು. ಅಂಗನವಾಡಿಗಳ ಮೇಲ್ವಿಚಾರಣೆ, ಪೌಷ್ಟಿಕ ಆಹಾರದ ವಿತರಣೆ, ಬಾಲ್ಯವಿವಾಹದ ತಡೆ ಇವುಗಳ ಮೇಲೆ ಈ ಹೊಣೆಯೂ ಕೂಡಿತು. ಇಲಾಖೆಗೆ ಅಧೀನರಾದ ಈ ಅಧಿಕಾರಿಗಳು ಸಂರಕ್ಷಣೆಯ ಕಾರ್ಯದಲ್ಲಿ ಮ್ಯಾಜಿಸ್ಟ್ರೇಟರ ನಿಯಂತ್ರಣಕ್ಕೂ ಒಳಪಟ್ಟರು. ಅರ್ಜಿಯ ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನಗಳೊಳಗೆ ಆಗಬೇಕು. 60 ದಿನಗಳಲ್ಲಿ ಅರ್ಜಿಯನ್ನು ತೀರ್ಮಾನಿಸಲು ಯತ್ನಿಸಬೇಕು. ಸಂರಕ್ಷಣಾ ಆದೇಶದಲ್ಲಿ ಮ್ಯಾಜಿಸ್ಟ್ರೇಟರು ವಿಧಿಸಿದ ಕರ್ತವ್ಯವನ್ನು ಸಕಾರಣವಿಲ್ಲದೆ ನಡೆಸದ ಅಧಿಕಾರಿಗೆ 1 ವರ್ಷದವರೆಗಿನ ಸೆರೆ ಅಥವಾ 20,000 ರೂಪಾಯಿಗಳವರೆಗಿನ ದಂಡ, ಇಲ್ಲವೇ ಇವೆರಡೂ ಆಗಬಹುದು. ಆದರೆ ಅದೇ ಅಧಿಕಾರಿಯ ಹಳೆಯ ಕೆಲಸಗಳಲ್ಲಿ ಯಾವುದನ್ನು ಇಳಿಸಬೇಕೆಂದು ಅಧಿನಿಯಮವು ಹೇಳುವುದಿಲ್ಲ. ಇದಕ್ಕೆ ಮೊದಲೇ, 2000-01ರಲ್ಲಿ, ಆರಂಭವಾದ ಸಾಂತ್ವನ ಯೋಜನೆಯ ಕಾರ್ಯಕರ್ತೆಯರು ಸ್ವಯಂಸೇವಾ ಸಂಸ್ಥೆಗಳ ಮೂಲಕ ಗೌರವಧನದ ಮೇಲೆ ದುಡಿಯುವವರಾದುದರಿಂದ, ಸರ್ಕಾರಿ ನೌಕರರ ಭದ್ರತೆ ಅವರಿಗಿಲ್ಲ.

ಸ್ಥಳೀಯ ಪರಿಸ್ಥಿತಿಯು ಈ ಭಾರವನ್ನು ಇನ್ನೂ ಹೆಚ್ಚಿಸುತ್ತದೆ. ಆಂಧ್ರದ ಗಡಿಗೆ ಸಮೀಪವಾದ ಈ ಸೀಮೆಯ ಅನೇಕ ಮನೆಗಳಲ್ಲಿ ಮಾತು ತೆಲುಗು. ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆಯ ಕುಟುಂಬಗಳಲ್ಲಿ ಉರ್ದು ಮಾತನಾಡುವವರು ಹಲವರು. ನೊಂದವಳು ತನ್ನ ಮನೆಮಾತಿನಲ್ಲಿ ಹೇಳಿದುದನ್ನು ಕನ್ನಡದ ವರದಿಗೆ ಇಳಿಸುವಾಗ ಅರ್ಥ ಕೆಡದಂತೆ ನೋಡಿಕೊಳ್ಳುವುದಕ್ಕೆ ಸಮಯ ಬೇಕು. ರೇಷ್ಮೆ ಸಾಕುವ ಮನೆಯಲ್ಲಿ ಹುಳು ನಾಲ್ಕನೆಯ ಜ್ವರದಿಂದೆದ್ದ ಮೇಲೆ ಹಗಲಿರುಳೂ ಸೊಪ್ಪು ಹಾಕಬೇಕು. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವವರೆಗೂ ಆ ಹೆಂಗಸು ಮನೆಯನ್ನು ಬಿಟ್ಟು ನ್ಯಾಯಸ್ಥಾನಕ್ಕೆ ಬರುವುದು ಕಷ್ಟ. ವರದಿಯ ನಮೂನೆಯಲ್ಲಿ ಗೈರುಹಾಜರಿಯೆಂದಷ್ಟೇ ದಾಖಲಾದರೆ ಆಕೆ ನಿರಾಸಕ್ತಳೆಂಬ ಭಾವನೆಗೆ ಎಡೆಯಾಗುತ್ತದೆ. ಕಾರಣವನ್ನು ವಿಚಾರಿಸಿ ಬರೆಯಲು ಸಮಾಜಸೇವಕಿಗೆ ಬಿಡುವಿದ್ದರೆ ಮಾತ್ರ ನ್ಯಾಯಾಧೀಶರಿಗೆ ನಿಜಸ್ಥಿತಿ ತಿಳಿಯುವುದು.

2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ಜಿಲ್ಲೆ ಮತ್ತು ತಾಲ್ಲೂಕುಗಳಲ್ಲಿ ಮಹಿಳಾ ಮತ್ತು ಮಕ್ಕಳ ಇಲಾಖೆಯ ಅಧಿಕಾರಿಗಳನ್ನು ಸಂರಕ್ಷಣಾಧಿಕಾರಿಗಳೆಂದು ಗೊತ್ತುಮಾಡಬೇಕೆಂದು ರಾಜ್ಯಗಳಿಗೆ ನಿರ್ದೇಶಿಸಿತು. ಈ ನಿರ್ದೇಶವು ಅವಶ್ಯವಾದುದೇ. ಆದರೆ ಇರುವ ಅಧಿಕಾರಿಗೆ ಹೊಸ ಹೆಸರನ್ನು ಕೊಡುವ ಕ್ರಮವು ಇಲ್ಲಿಯೂ ಮುಂದುವರಿದುದನ್ನು ಇತಿಹಾಸದ ವಿದ್ಯಾರ್ಥಿಯು ಗಮನಿಸದಿರಲಾರನು. ಅಮಲ್ದಾರನ ಕಾಲದಿಂದಲೂ ಹೊಣೆ ಬೆಳೆಯಿತು. ಅದಕ್ಕೆ ತಕ್ಕಂತೆ ಕೈಗಳು ಬೆಳೆಯಲಿಲ್ಲ. ಇದರ ನಷ್ಟವನ್ನು ಮೊದಲು ಅನುಭವಿಸುವವಳು ಅರ್ಜಿ ಹಿಡಿದು ಕಾದಿರುವ ಹೆಂಗಸು. ನಿವೃತ್ತರಾದ ಅಧಿಕಾರಿಗಳ ಮತ್ತು ಕಾರ್ಯಕರ್ತೆಯರ ಅನುಭವಗಳನ್ನು ಅವರ ಬಾಯಿಂದಲೇ ಕೇಳಿ ಬರೆದಿಡುವ ಕಾರ್ಯವನ್ನು ಈ ತಾಲ್ಲೂಕುಗಳ ಕಾಲೇಜುಗಳು ಕೈಗೊಂಡರೆ ಈ ಚರಿತ್ರೆಯು ಪೂರ್ಣಗೊಳ್ಳುವುದು.