ಕತ್ತಿನ ಮೇಲ್ಮೂಳೆಗಳ ರೋಗ ಮತ್ತು ನಿದ್ರೆಯ ಉಸಿರಾಟ: ಚರಿತ್ರೆ

ತಲೆಬುರುಡೆಯ ತಳವೂ ಅಟ್ಲಾಸ್, ಆಕ್ಸಿಸ್ ಎಂಬ ಕತ್ತಿನ ಮೊದಲೆರಡು ಮೂಳೆಗಳೂ ಕೂಡುವ ಜಾಗದಲ್ಲಿ ಮೂಳೆ ಜರುಗಿದರೆ, ಹುಟ್ಟಿನಿಂದಲೇ ಬೆಸೆದುಕೊಂಡಿದ್ದರೆ ಅಥವಾ ನರದ ಮೇಲೆ ಒತ್ತಿದರೆ ನಿದ್ರೆಯ ಉಸಿರಾಟ ಕೆಡುವುದುಂಟು. ಇದನ್ನು ಸಾಮಾನ್ಯ ಕತ್ತುನೋವಿನೊಡನೆ ಬೆರೆಸಬಾರದು. ಕತ್ತು ಹಿಡಿದರೆ ‘ಸ್ಪಾಂಡಿಲೈಟಿಸ್’ ಎನ್ನುವ ವಾಡಿಕೆಯಿದೆ. ಹಾಗೆ ಕರೆಯುವ ವಯಸ್ಸಿನ ಸವೆತ ಹೆಚ್ಚಾಗಿ ಐದರಿಂದ ಏಳನೆಯ ಮೂಳೆಗಳ ನಡುವೆ ಕಾಣಿಸುತ್ತದೆ. ಈ ಲೇಖನದ ವಿಷಯ ಅದಕ್ಕಿಂತ ಮೇಲಿನದು, ಅಪರೂಪದ್ದು.

ಮೂಳೆಯ ಕಡೆಯ ಚರಿತ್ರೆ ಚೆನ್ನಾಗಿ ದಾಖಲಾಗಿದೆ. ಕಿರುಮಿದುಳಿನ ಭಾಗ ಕೆಳಕ್ಕೆ ಇಳಿಯುವ ವಿಕೃತಿಯನ್ನು ಹಾನ್ಸ್ ಕಿಯಾರಿ 1891ರಲ್ಲಿ ವರ್ಣಿಸಿದರು. ಬುರುಡೆಯ ತಳ ಒಳಕ್ಕೆ ಒತ್ತಿಕೊಂಡಿರುವುದನ್ನು ಎಕ್ಸ್‌ರೇಯಲ್ಲಿ ಅಳೆಯಲು 1939ರಲ್ಲಿ ಚೇಂಬರ್ಲಿನ್ ಒಂದು ಗೆರೆ ಸೂಚಿಸಿದರು. ಭಾರತದಲ್ಲಿ ಹುಟ್ಟಿನಿಂದ ಅಟ್ಲಾಸ್ ಜರುಗಿದ 28 ರೋಗಿಗಳ ವಿವರವನ್ನು ಮುಂಬಯಿಯ ನೋಶೀರ್ ವಾಡಿಯಾ 1967ರಲ್ಲಿ ‘ಬ್ರೇನ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಂದಿನ ವೈದ್ಯರ ಕಣ್ಣಿದ್ದದ್ದು ಮುಖ್ಯವಾಗಿ ಕೈಕಾಲಿನ ಬಲಹೀನತೆಯ ಮೇಲೆ.

ನಿದ್ರೆಯ ನಂಟು ಬೆಳಕಿಗೆ ಬಂದದ್ದು ರೋಗದಿಂದಲ್ಲ, ಶಸ್ತ್ರಚಿಕಿತ್ಸೆಯ ಅಡ್ಡಪರಿಣಾಮದಿಂದ. ಕತ್ತಿನ ಮೇಲ್ಭಾಗದ ಬೆನ್ನುಹುರಿ ಮತ್ತು ಮಿದುಳುಕಾಂಡದ ಶಸ್ತ್ರಚಿಕಿತ್ಸೆಯಾದ ಮೂವರನ್ನು ಕುರಿತು ಸೆವರಿಂಗ್‌ಹಾಸ್ ಮತ್ತು ಮಿಚೆಲ್ 1962ರಲ್ಲಿ ವರದಿ ಮಾಡಿದರು. ಉಸಿರು ತೆಗೆದುಕೊಳ್ಳಿ ಎಂದರೆ ಅವರು ತೆಗೆದುಕೊಳ್ಳುತ್ತಿದ್ದರು. ನಿದ್ರೆ ಹತ್ತಿದರೆ ಉಸಿರಾಟ ನಿಲ್ಲುತ್ತಿತ್ತು, ಯಂತ್ರದ ನೆರವು ಬೇಕಾಗುತ್ತಿತ್ತು. ಇಚ್ಛೆಯಿಂದ ಎಳೆದುಕೊಳ್ಳುವ ಉಸಿರಿನ ಆಜ್ಞೆ ಬೆನ್ನುಹುರಿಯ ಹಿಂಬದಿಯ ಪಕ್ಕದಲ್ಲಿ ಇಳಿಯುತ್ತದೆ. ತಾನಾಗಿ ನಡೆಯುವ ಉಸಿರಿನದು ಮುಂಬದಿಯ ಪಕ್ಕದಲ್ಲಿ, ನೋವಿನ ಸಂದೇಶ ಮೇಲೇರುವ ನರತಂತುಗಳ ಮಗ್ಗುಲಲ್ಲೇ ಇಳಿಯುತ್ತದೆ. ಕ್ಯಾನ್ಸರಿನ ತಾಳಲಾರದ ನೋವಿಗೆ ಆ ತಂತುಗಳನ್ನು ಮೊದಲೆರಡು ಮೂಳೆಗಳ ನಡುವೆ ಎರಡೂ ಬದಿಗೆ ಸುಟ್ಟಾಗ ಕೆಲವರಲ್ಲಿ ಉಸಿರಿನ ದಾರಿಯೂ ಕಡಿಯುತ್ತಿತ್ತು. ಕ್ರೀಗರ್ ಮತ್ತು ರೋಸೊಮಾಫ್ 1974ರಲ್ಲಿ ಇದನ್ನು ವಿವರವಾಗಿ ದಾಖಲಿಸಿ, ಕತ್ತಿನ ಮುಂಭಾಗದಿಂದ ಮಾಡಿದ ಶಸ್ತ್ರಚಿಕಿತ್ಸೆಯ ಬಳಿಕವೂ ಹೀಗಾದುದನ್ನು ಸೇರಿಸಿದರು. ಎಚ್ಚರವಿದ್ದಾಗ ಮಾಡುವ ಪರೀಕ್ಷೆಗಳು ಇಂಥ ರೋಗಿಯ ಅಪಾಯವನ್ನು ಪೂರ್ತಿ ತೋರಿಸಲಾರವು ಎಂಬುದು ಅಲ್ಲಿಂದ ಸ್ಪಷ್ಟವಾಯಿತು. ಈ ಚರಿತ್ರೆಯ ನಿಜವಾದ ತಿರುವು ಇದು.

ಅದೇ ಹೊತ್ತಿಗೆ ನಿದ್ರಾವೈದ್ಯ ಬೇರೆ ದಿಕ್ಕಿಗೆ ಹೊರಳಿತ್ತು. 1965ರಲ್ಲಿ ಗಾಸ್ಟೊ ತಂಡ ನಿದ್ರೆಯಲ್ಲಿ ಗಂಟಲು ಮುಚ್ಚಿ ಉಸಿರು ನಿಲ್ಲುವುದನ್ನು ತೋರಿಸಿತು. 1976ರಲ್ಲಿ ಗಿಲ್ಮಿನೊ ಮತ್ತು ಸಂಗಡಿಗರು ನಿದ್ರೆಯಲ್ಲಿ ಉಸಿರು ನಿಲ್ಲುವ ‘ಸ್ಲೀಪ್ ಆಪ್ನಿಯಾ’ ಲಕ್ಷಣಕೂಟವನ್ನು ನಿರೂಪಿಸಿದರು. 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ಗಾಳಿಯೊತ್ತಡದ ಸಿಪ್ಯಾಪ್ ಯಂತ್ರ ತಂದರು. ಗೊರಕೆ ಗಂಟಲಿನ ಸಂಗತಿಯಾಯಿತು, ಕತ್ತಿನ ಮೂಳೆ ನರಶಸ್ತ್ರವೈದ್ಯರ ಪಾಲಿಗೆ ಉಳಿಯಿತು.

ಬೆಂಗಳೂರಿನ ದಾಖಲೆಯಲ್ಲೂ ಈ ಒಡಕು ಕಾಣುತ್ತದೆ. ಹೊಸೂರು ರಸ್ತೆಯ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ 1958ರಲ್ಲಿ ಆರ್.ಎಂ. ವರ್ಮ ನರಶಸ್ತ್ರಚಿಕಿತ್ಸಾ ವಿಭಾಗ ಆರಂಭಿಸಿದರು. ಈ ಸಂಸ್ಥೆ ಮಾನಸಿಕ ಆಸ್ಪತ್ರೆಯೊಡನೆ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಜನ್ಮಜಾತ ಅಟ್ಲಾಸ್ ಜರುಗುವಿಕೆಗೆ ಶಸ್ತ್ರಚಿಕಿತ್ಸೆಯಾದವರ ಶ್ವಾಸಕೋಶದ ಸಾಮರ್ಥ್ಯವನ್ನು, ಕತ್ತಿನ ಬೆನ್ನುಹುರಿ ಒತ್ತಿಹೋದವರ ಹಾಗೂ ತಲೆಬುರುಡೆ ತೆರೆಸಿಕೊಂಡವರ ಸಾಮರ್ಥ್ಯದೊಡನೆ ಹೋಲಿಸಿದ ಅಲ್ಲಿನ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಭಾರತೀಯ ಉಪಖಂಡದಿಂದ ಈ ಜನ್ಮಜಾತ ರೋಗದ ವರದಿಗಳು ಹೆಚ್ಚು ಬರುವುದರಿಂದ ಆ ಅಧ್ಯಯನದ ಬೆಲೆ ದೊಡ್ಡದು. ಆದರೆ ಅದು ಅಳೆದದ್ದು ಶ್ವಾಸಕೋಶದ ಬಲವನ್ನು, ರಾತ್ರಿಯ ನಿದ್ರೆಯನ್ನಲ್ಲ. 2012ರಲ್ಲಿ ‘ನ್ಯೂರಾಲಜಿ ಇಂಡಿಯಾ’ದಲ್ಲಿ ಬಂದ ನಿಮ್ಹಾನ್ಸ್‌ನ ಇನ್ನೊಂದು ಸಮೀಕ್ಷೆ ಆರೋಗ್ಯವಂತರ ನಿದ್ರೆಯ ತೊಂದರೆಗಳನ್ನು ಪ್ರಶ್ನಾವಳಿಯಿಂದ ಗುರುತಿಸಿತು. ಗೊರಕೆ ಇದೆಯೇ ಎಂದು ಪ್ರಶ್ನಾವಳಿ ಕೇಳಬಲ್ಲದು, ಕತ್ತಿನ ಮೂಳೆ ಜರುಗಿದೆಯೇ ಎಂದು ಹೇಳಲಾರದು.

ಮತ್ತೊಂದು ತೊಡಕನ್ನು ಜಪಾನಿನ ವರದಿಗಳು ಮುಂದಿಟ್ಟವು. ಬುರುಡೆಯನ್ನು ಕತ್ತಿಗೆ ಬೆಸೆಯುವಾಗ ತಲೆ ಮುಂದಕ್ಕೆ ಬಾಗಿದ್ದರೆ ಗಂಟಲಿನ ದಾರಿ ಇಕ್ಕಟ್ಟಾಗಿ ಉಸಿರು ಕಟ್ಟುತ್ತದೆಂದು 2007ರಲ್ಲಿ ಬರೆಯಲಾಯಿತು. ಕೀಲುವಾತದಿಂದ ಈ ಮೇಲ್ಮೂಳೆಗಳು ಕೆಟ್ಟು ಶಸ್ತ್ರಚಿಕಿತ್ಸೆಗೆ ಬಂದವರಲ್ಲಿ ಸ್ಲೀಪ್ ಆಪ್ನಿಯಾ ತೀರ ಸಾಮಾನ್ಯ ಎಂದು 2009ರ ಅಧ್ಯಯನ ಕಂಡಿತು. ನರದ ಮೇಲಿನ ಒತ್ತಡದಿಂದ ಬರುವ ಬಗೆ ಹೆಚ್ಚಿರಬಹುದೆಂದು ಯಾರಾದರೂ ಊಹಿಸಬಹುದಿತ್ತು. ಆದರೆ ಅಲ್ಲಿ ಬಹುಪಾಲು ಕಂಡದ್ದು ಗಂಟಲು ಮುಚ್ಚುವ ಬಗೆ. ಹೀಗಾಗಿ ‘ಕತ್ತಿನಿಂದ ಬಂದ ಆಪ್ನಿಯಾ’ ಒಂದೇ ರೋಗವಲ್ಲ: ಒಂದರಲ್ಲಿ ಆಜ್ಞೆ ತಲುಪದು, ಇನ್ನೊಂದರಲ್ಲಿ ದಾರಿ ತೆರೆಯದು, ಕೆಲವರಲ್ಲಿ ಎರಡೂ.

ಚಿಕಿತ್ಸೆಯ ವಿಚಾರದಲ್ಲಿ ಮುಂಬಯಿಯ ಅತುಲ್ ಗೋಯಲ್ ಹೆಸರು ತಪ್ಪದು. ಮೊದಲೆರಡು ಮೂಳೆಗಳನ್ನು ಪಟ್ಟಿ ಮತ್ತು ಸ್ಕ್ರೂಗಳಿಂದ ಬಿಗಿಯುವ ಅವರ ವಿಧಾನ 1994ರಲ್ಲಿ ಪ್ರಕಟವಾಗಿ, 2001ರಲ್ಲಿ ಹಾರ್ಮ್ಸ್ ಮಾಡಿದ ಮಾರ್ಪಾಡಿನೊಡನೆ ಜಗತ್ತಿನಾದ್ಯಂತ ರೂಢಿಗೆ ಬಂತು. 2015ರಲ್ಲಿ ಗೋಯಲ್ 65 ರೋಗಿಗಳ ಆಧಾರದ ಮೇಲೆ ಕಿಯಾರಿ ವಿಕೃತಿಗೂ ಈ ಕೀಲಿನ ಸಡಿಲವೇ ಕಾರಣವೆಂದು ವಾದಿಸಿದಾಗ ಹಲವರು ಒಪ್ಪಲಿಲ್ಲ. ಬುರುಡೆಯ ಹಿಂಬದಿಯ ಮೂಳೆ ತೆಗೆದು ಜಾಗ ಮಾಡುವುದೇ ಸಾಕೆಂಬುದು ಒಪ್ಪದವರ ನಿಲುವು. ಕಿಯಾರಿ ರೋಗಿಗಳಲ್ಲಿಯೂ ಆಪ್ನಿಯಾ ಕಾಣಿಸುವುದರಿಂದ, ಬಿಗಿಯಬೇಕೇ ಬಿಡಿಸಬೇಕೇ ಎಂಬ ಆ ಜಗಳ ನಿದ್ರೆಯ ಉಸಿರಾಟಕ್ಕೂ ತಟ್ಟುತ್ತದೆ.