ಎರವಲು ಸೂತ್ರಗಳಲ್ಲಿ ಕೃಷಿ ತ್ಯಾಜ್ಯ: ಉಷ್ಣ ವಿಘಟನೆಯ ಕ್ರಿಯಾವೇಗ ಅಧ್ಯಯನದ ಚರಿತ್ರೆ

ಪೀಠಿಕೆ

ಭತ್ತದ ಹೊಟ್ಟು, ಕಬ್ಬಿನ ಸಿಪ್ಪೆ, ಶೇಂಗಾ ಸಿಪ್ಪೆಗಳನ್ನು ಗಾಳಿ ಸೋಕದಂತೆ ಕಾಯಿಸಿದರೆ ಅವು ಒಡೆದು ಅನಿಲ, ದ್ರವ ಮತ್ತು ಇದ್ದಿಲಾಗುತ್ತವೆ. ಈ ಉಷ್ಣ ವಿಘಟನೆ ಯಾವ ತಾಪದಲ್ಲಿ ಎಷ್ಟು ಬೇಗ ನಡೆಯುತ್ತದೆಂದು ಅಳೆಯುವುದು ಕ್ರಿಯಾವೇಗ ಶಾಸ್ತ್ರ. ಆದರೆ ಒಂದೇ ಬಗೆಯ ಹೊಟ್ಟಿಗೆ ಒಂದೊಂದು ಪ್ರಬಂಧವೂ ಒಂದೊಂದು ಸಕ್ರಿಯಣ ಶಕ್ತಿಯನ್ನು, ಎಂದರೆ ಕ್ರಿಯೆ ನಡೆಯಲು ದಾಟಬೇಕಾದ ಶಕ್ತಿಯ ತಡೆಯನ್ನು, ಹೇಳುತ್ತದೆ. ಈ ಗೊಂದಲದ ಬೇರು ಶಾಸ್ತ್ರದ ಚರಿತ್ರೆಯಲ್ಲೇ ಇದೆ ಎಂಬುದು ಪ್ರಸ್ತುತ ಲೇಖನದ ವಾದ. ಇಲ್ಲಿ ಬಳಕೆಯಲ್ಲಿರುವ ಮುಖ್ಯ ಸಮೀಕರಣವಾಗಲಿ, ಉಪಕರಣವಾಗಲಿ, ಲೆಕ್ಕದ ವಿಧಾನಗಳಾಗಲಿ ಕೃಷಿ ತ್ಯಾಜ್ಯಕ್ಕೆಂದು ಹುಟ್ಟಿದವಲ್ಲ.

ಸಮೀಕರಣ ಮತ್ತು ತಕ್ಕಡಿ

1889ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ ತಾಪಕ್ಕೂ ಕ್ರಿಯಾವೇಗಕ್ಕೂ ಇರುವ ಸಂಬಂಧವನ್ನು ಸೂತ್ರೀಕರಿಸಿದ್ದು ಆಮ್ಲದ ದ್ರಾವಣದಲ್ಲಿ ಕಬ್ಬಿನ ಸಕ್ಕರೆ ವಿಭಜನೆಯಾಗುವ ಬಗೆಯನ್ನು ಚರ್ಚಿಸುತ್ತ. ದ್ರಾವಣದಲ್ಲಿ ಅಣುಗಳು ಮುಕ್ತವಾಗಿ ಬೆರೆಯುವುದರಿಂದ ಸಾರತೆಗೆ ಖಚಿತವಾದ ಅರ್ಥವಿದೆ. ಅದೇ ಸೂತ್ರವನ್ನು ಕಬ್ಬಿನ ಸಿಪ್ಪೆಗೆ ಹಚ್ಚಿದಾಗ ಆ ಅರ್ಥ ಉಳಿಯುವುದಿಲ್ಲ. ಹಾಗಾಗಿ ಘನವಸ್ತುಗಳ ಅಧ್ಯಯನದಲ್ಲಿ ಸಾರತೆಯ ಜಾಗಕ್ಕೆ, ಒಟ್ಟು ಕಳೆಯುವ ತೂಕದಲ್ಲಿ ಈವರೆಗೆ ಕಳೆದದ್ದೆಷ್ಟು ಎಂಬ ಪರಿವರ್ತನಾಂಶ ಬಂತು.

1915ರಲ್ಲಿ ಜಪಾನಿನ ಕೊಟಾರೊ ಹೋಂಡಾ ಉಷ್ಣ ತಕ್ಕಡಿಯನ್ನು ವಿವರಿಸಿದರು. ವಸ್ತುವನ್ನು ಕಾಯಿಸುತ್ತಲೇ ಅದರ ತೂಕವನ್ನು ಗುರುತಿಸುವ ಈ ಉಪಕರಣದ ಮೊದಲ ಪ್ರಯೋಗಗಳು ನಡೆದದ್ದು ಖನಿಜ ಲವಣಗಳ ಮೇಲೆ. ಇಂದು ಅದರ ವಂಶದ ಯಂತ್ರಗಳಲ್ಲಿ ಕೆಲವೇ ಮಿಲಿಗ್ರಾಂ ಹೊಟ್ಟಿನ ಪುಡಿಯನ್ನಿಟ್ಟು, ನೈಟ್ರೋಜನ್ ಹರಿಸುತ್ತ, ನಿಮಿಷಕ್ಕೆ 10 ಡಿಗ್ರಿಯಂತೆ ಕಾಯಿಸುವುದು ರೂಢಿ. ಮೊದಲು ತೇವ ಆರುತ್ತದೆ. ಸುಮಾರು 220ರಿಂದ 315 ಡಿಗ್ರಿ ಸೆಲ್ಸಿಯಸ್ ನಡುವೆ ಹೆಮಿಸೆಲ್ಯುಲೋಸ್ ಒಡೆಯುತ್ತದೆ. 315ರಿಂದ 400ರ ನಡುವೆ ಸೆಲ್ಯುಲೋಸ್ ಒಡೆದು, ತೂಕ ಕಡಿದಾಗಿ ಇಳಿಯುತ್ತದೆ. ಲಿಗ್ನಿನ್ ಮಾತ್ರ ಇಷ್ಟೂ ಹೊತ್ತು, ಆಮೇಲೂ, ನಿಧಾನವಾಗಿ ಒಡೆಯುತ್ತಲೇ ಇರುತ್ತದೆ. ನಕ್ಷೆಯಲ್ಲಿ ಕಾಣುವ ಒಂದೇ ಗೆರೆಯೊಳಗೆ ಹೀಗೆ ಹಲವು ಕ್ರಿಯೆಗಳು ಬೆರೆತಿವೆ.

ಲೆಕ್ಕದ ವಿಧಾನಗಳು

ಕಾಯಿಸುವ ವೇಗ ಹೆಚ್ಚಿದಂತೆ ಗರಿಷ್ಠ ವಿಘಟನೆಯ ತಾಪವೂ ಮೇಲಕ್ಕೆ ಸರಿಯುತ್ತದೆ. ಈ ಸರಿಯುವಿಕೆಯಿಂದಲೇ ಸಕ್ರಿಯಣ ಶಕ್ತಿಯನ್ನು ಪಡೆಯುವ ದಾರಿಯನ್ನು ಹೋಮರ್ ಕಿಸಿಂಜರ್ 1957ರಲ್ಲಿ ತೋರಿಸಿದರು. ಅವರ ಮುಂದಿದ್ದುದು ಜೇಡಿಮಣ್ಣಿನಂಥ ಖನಿಜಗಳು. 1964ರಲ್ಲಿ ಫ್ರೀಡ್‌ಮನ್ ತಮ್ಮ ವಿಧಾನವನ್ನು ಫಿನಾಲಿಕ್ ಪ್ಲಾಸ್ಟಿಕ್‌ಗೆ ಅನ್ವಯಿಸಿದರು. 1965ರಲ್ಲಿ ಒಜಾವಾ, 1966ರಲ್ಲಿ ಫ್ಲಿನ್ ಮತ್ತು ವಾಲ್, ಹಲವು ವೇಗಗಳ ದತ್ತಾಂಶವನ್ನು ಒಟ್ಟಿಗೆ ಬಳಸುವ ವಿಧಾನವನ್ನು ರೂಪಿಸಿದರು. ಆದರೆ 1964ರಲ್ಲೇ ಬಂದಿದ್ದ ಕೋಟ್ಸ್–ರೆಡ್‌ಫರ್ನ್ ವಿಧಾನಕ್ಕೆ ಒಂದೇ ಪ್ರಯೋಗದ ಗೆರೆ ಸಾಕಿತ್ತು. ಶ್ರಮ ಕಡಿಮೆಯಾದ್ದರಿಂದ ಅದು ಬೇಗ ಹರಡಿತು. ಅದರ ತೊಡಕೆಂದರೆ, ಒಂದೇ ಗೆರೆಗೆ ಬೇರೆ ಬೇರೆ ಕ್ರಿಯಾಮಾದರಿಗಳು ಸಮನಾಗಿ ಹೊಂದಿಕೊಂಡು, ಬೇರೆ ಬೇರೆ ಶಕ್ತಿಮೌಲ್ಯಗಳನ್ನು ಕೊಡುತ್ತವೆ.

ಸಸ್ಯವಸ್ತುವಿನತ್ತ

ಸಸ್ಯವಸ್ತುವಿನ ಒಳಗನ್ನೇ ನೋಡುವ ಪ್ರಯತ್ನಗಳಲ್ಲಿ 1979ರಲ್ಲಿ ಬ್ರಾಡ್‌ಬರಿ, ಸಕಾಯ್ ಮತ್ತು ಶಫಿಜಾದೆ ಪ್ರಕಟಿಸಿದ ಮಾದರಿ ಮುಖ್ಯವಾದುದು. ಸೆಲ್ಯುಲೋಸ್ ಮೊದಲು ಸಕ್ರಿಯ ರೂಪ ತಾಳಿ, ಆಮೇಲೆ ಆವಿಯ ದಾರಿಯನ್ನೋ ಇದ್ದಿಲಿನ ದಾರಿಯನ್ನೋ ಹಿಡಿಯುತ್ತದೆಂದು ಅವರು ಹೇಳಿದರು. 1995ರಲ್ಲಿ ಆಂಟಲ್ ಮತ್ತು ವಾರ್ಹೆಗ್ಯಿ ಇದನ್ನು ಮರುಪರಿಶೀಲನೆಗೆ ಒಡ್ಡಿದರು. ಪರೀಕ್ಷಿಸುವ ಪುಡಿಯ ತೂಕ ತೀರ ಕಡಿಮೆಯಿದ್ದರೆ ಶುದ್ಧ ಸೆಲ್ಯುಲೋಸ್‌ನ ವಿಘಟನೆಗೆ ಒಂದೇ ಹಂತದ ಕ್ರಿಯೆ, ಮೋಲಿಗೆ ಸುಮಾರು 238 ಕಿಲೋಜೂಲ್ ಶಕ್ತಿ ಸಾಕೆಂದರು. ತೂಕ ಹೆಚ್ಚಿದರೆ ಪುಡಿಯ ತಾಪ ಕುಲುಮೆಯ ತಾಪಕ್ಕಿಂತ ಹಿಂದುಳಿಯುತ್ತದೆ. ಲೆಕ್ಕದಲ್ಲಿ ಶಕ್ತಿ ಕಡಿಮೆ ಕಾಣುತ್ತದೆ.

ಅದೇ ವರ್ಷ ಮುಂಬಯಿ ಐಐಟಿಯ ರವೀಂದ್ರನ್, ಗಣೇಶ್ ಮತ್ತು ಖಿಲಾರ್ ಪ್ರಕಟಿಸಿದ ಅಧ್ಯಯನ ನಮ್ಮ ಬೆಳೆಗಳಿಗೆ ಹೆಚ್ಚು ಹತ್ತಿರದ್ದು. ಖನಿಜಾಂಶವನ್ನು ತೆಗೆದ ಮೇಲೆ ಸಾಮಾನ್ಯವಾಗಿ ಆವಿಯ ಪ್ರಮಾಣವೂ ವಿಘಟನೆ ಆರಂಭವಾಗುವ ತಾಪವೂ ಏರುವುದನ್ನು ಅವರು ಕಂಡರು. ತೆಂಗಿನ ನಾರಿನ ಪುಡಿ, ಶೇಂಗಾ ಸಿಪ್ಪೆ, ಭತ್ತದ ಹೊಟ್ಟು ಮಾತ್ರ ಈ ನಿಯಮಕ್ಕೆ ಪೂರ್ತಿ ಒಗ್ಗಲಿಲ್ಲ. ಬೂದಿಯಾಗಿ ಉಳಿಯುವ ಪೊಟ್ಯಾಸಿಯಂನಂಥ ಅಂಶಗಳು ವಿಘಟನೆ ನಡೆಯುವಾಗ ಸುಮ್ಮನಿರುವುದಿಲ್ಲ, ಅದರ ದಾರಿಯನ್ನೇ ತಿರುಗಿಸುತ್ತವೆ. ಶುದ್ಧ ಸೆಲ್ಯುಲೋಸ್‌ನ ಮೌಲ್ಯವನ್ನು ಹೊಟ್ಟಿಗೆ ಹಾಗೆಯೇ ಹಚ್ಚಲಾಗದು ಎಂಬುದಕ್ಕೆ ಇದು ಬಲವಾದ ಪುರಾವೆ.

ಉಪಸಂಹಾರ

ಅಂತರರಾಷ್ಟ್ರೀಯ ಉಷ್ಣ ವಿಶ್ಲೇಷಣಾ ಒಕ್ಕೂಟವಾದ ಐಸಿಟಿಎಸಿ 2000ದ ಸುಮಾರಿಗೆ ಒಂದೇ ದತ್ತಾಂಶವನ್ನು ಹಲವು ಸಂಶೋಧಕರಿಗೆ ಕೊಟ್ಟು ಲೆಕ್ಕ ಹಾಕಿಸಿದಾಗ, ಒಂದೇ ವೇಗದ ಪ್ರಯೋಗವನ್ನು ನೆಚ್ಚುವ ವಿಧಾನಗಳ ದೌರ್ಬಲ್ಯ ಬಯಲಾಯಿತು. ಅದರ ಸಮಿತಿ 2011ರಲ್ಲಿ ಕಾಯಿಸುವ ಮೂರರಿಂದ ಐದು ಬೇರೆ ಬೇರೆ ಕ್ರಮಗಳನ್ನು ಬಳಸುವಂತೆ ಶಿಫಾರಸು ಮಾಡಿತು. 2020ರಲ್ಲಿ ಬಹುಹಂತದ ಕ್ರಿಯೆಗಳಿಗೇ ಪ್ರತ್ಯೇಕ ಮಾರ್ಗಸೂಚಿ ಕೊಟ್ಟಿತು.

ಒಟ್ಟಾರೆ, ಸಕ್ರಿಯಣ ಶಕ್ತಿಯನ್ನು ಹೊಟ್ಟಿನ ಸಾಂದ್ರತೆಯಂತೆ ಒಂದು ಸ್ಥಿರ ಗುಣವೆಂದು ಓದುವುದು ತಪ್ಪು. ಅದು ಹೊಟ್ಟು, ಅದರ ಬೂದಿ, ಪರೀಕ್ಷಿಸಿದ ಪುಡಿಯ ತೂಕ, ಕಾಯಿಸಿದ ವೇಗ ಮತ್ತು ಲೆಕ್ಕದ ವಿಧಾನ ಎಲ್ಲವೂ ಸೇರಿ ಕೊಟ್ಟ ಸಂಖ್ಯೆ. ಅಡಿಕೆ ಸಿಪ್ಪೆಗೋ ಕಾಫಿ ಹೊಟ್ಟಿಗೋ ಕುಲುಮೆ ಕಟ್ಟಲು ಹೊರಡುವವರು ಹಳೆಯ ಕೋಷ್ಟಕದ ಮೌಲ್ಯವನ್ನು ಎತ್ತಿಕೊಳ್ಳುವ ಮುನ್ನ ಈ ಐದನ್ನೂ ಕೇಳಿ ತಿಳಿಯಬೇಕು. ಹೊಸ ಮೌಲ್ಯ ಪ್ರಕಟಿಸುವವರು ಅವನ್ನು ತಪ್ಪದೆ ದಾಖಲಿಸಬೇಕು.