ಪರೀಕ್ಷಾ ಕೊಠಡಿಯ ಆಚೆಗಿನ ಕಾಲೇಜು

ಸವಣೂರು, ಹಾನಗಲ್ಲ, ಶಿಗ್ಗಾವಿ ಸೀಮೆಯಲ್ಲಿ ಅಂಗವೈಕಲ್ಯ ಮತ್ತು ವಿದ್ಯೆಯ ಮಾತು ಬಂದರೆ ಹಿರಿಯರು ಮೊದಲು ನೆನೆಯುವುದು ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು. ಅದನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳು, ಬೆಳೆಸಿದ ಪುಟ್ಟರಾಜ ಗವಾಯಿಗಳು ಇಬ್ಬರೂ ಹಾನಗಲ್ಲ ತಾಲ್ಲೂಕಿನ ಹಳ್ಳಿಗಳಲ್ಲಿ ಹುಟ್ಟಿದವರು, ಇಬ್ಬರೂ ಅಂಧರು. ಕಣ್ಣಿಲ್ಲದ ಮಕ್ಕಳಿಗೆ ಅನ್ನ, ವಸತಿ, ಸಂಗೀತ ಮೂರೂ ಸಿಕ್ಕ ಆ ಮನೆಯಲ್ಲಿ ಪಾಠದ ಕ್ರಮವೇ ಕಲಿಯುವವನಿಗೆ ತಕ್ಕಂತೆ ಇತ್ತು. ಹಳೆಯ ಮೈಸೂರಿನಲ್ಲಿ 1901ರಷ್ಟು ಹಿಂದೆಯೇ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಶುರುವಾಗಿತ್ತು. ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜು 2003ರಲ್ಲಿ ಸಂಪನ್ಮೂಲ ಕೇಂದ್ರ ತೆರೆದದ್ದೂ ದೃಷ್ಟಿದೋಷವುಳ್ಳ ವಿದ್ಯಾರ್ಥಿಗಳಿಗಾಗಿಯೇ.

ನಮ್ಮ ದೇಶದಲ್ಲಿ ಶೈಕ್ಷಣಿಕ ನೆರವು ಬೆಳೆದದ್ದು ಹೀಗೆ, ಹೊರಗೆ ಕಾಣುವ ಕೊರತೆಯ ಸುತ್ತ. ಪರೀಕ್ಷೆಯಲ್ಲಿ ಹೇಳಿ ಬರೆಸಲು ಲಿಪಿಕಾರ, ಹೆಚ್ಚುವರಿ ಸಮಯ, ಮೆಟ್ಟಿಲ ಪಕ್ಕ ಇಳಿಜಾರು ಹಾದಿ: ಇವೆಲ್ಲ ಹೋರಾಡಿ ಪಡೆದ ಸೌಲಭ್ಯಗಳು, ಇವುಗಳ ಬೆಲೆ ದೊಡ್ಡದು. ಆದರೆ ಆಟಿಸಂ ಇರುವ ಹುಡುಗ ಅಥವಾ ಹುಡುಗಿ ಕಾಲೇಜಿನ ಬಾಗಿಲಿಗೆ ಬಂದಾಗ ಅವರ ಕೈಗೂ ನಾವು ಕೊಟ್ಟದ್ದು ಇದೇ ಪಟ್ಟಿಯನ್ನು. ಅವರ ಕಷ್ಟ ಇರುವುದು ಬಹುಮಟ್ಟಿಗೆ ಬೇರೆ ಕಡೆ. ಯಾರೂ ಬಾಯಿಬಿಟ್ಟು ಹೇಳದ ನಡವಳಿಕೆಯ ನಿಯಮಗಳು, ಮುನ್ಸೂಚನೆ ಇಲ್ಲದೆ ಬದಲಾಗುವ ವೇಳಾಪಟ್ಟಿ, ಸಹಿಸಲಾಗದ ಗದ್ದಲ, ಕಣ್ಣು ಚುಚ್ಚುವ ಬೆಳಕು, ಎರಡು ಅರ್ಥ ಬರುವ ಪ್ರಶ್ನೆ ಇವು ಅವರನ್ನು ದಣಿಸುತ್ತವೆ. ಪರೀಕ್ಷೆ ನಡೆಯುವುದು ಕೆಲವೇ ದಿನ. ಉಳಿದ ದಿನಗಳ ಕಾಲೇಜಿನ ಬಗ್ಗೆ ನಮ್ಮ ವ್ಯವಸ್ಥೆ ಇನ್ನೂ ಗಟ್ಟಿಯಾಗಿ ಯೋಚಿಸಿಲ್ಲ ಎನ್ನುವುದೇ ಈ ಕ್ಷೇತ್ರದ ಇತಿಹಾಸವನ್ನು ನೋಡಿದಾಗ ನನಗೆ ಎದ್ದು ಕಾಣುವ ಸಂಗತಿ.

ವೈದ್ಯಲೋಕ ಆಟಿಸಂ ಅನ್ನು ಬಹುಕಾಲ ಮಕ್ಕಳ ಕಾಯಿಲೆಯಂತೆಯೇ ನೋಡಿತು. ಅಮೆರಿಕದ ಬಾಲ್ಟಿಮೋರಿನಲ್ಲಿದ್ದ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳ ಬಗ್ಗೆ ಪ್ರಬಂಧ ಪ್ರಕಟಿಸಿದರು. ಮರುವರ್ಷ ವಿಯೆನ್ನಾದಲ್ಲಿ ಹ್ಯಾನ್ಸ್ ಆಸ್ಪರ್ಗರ್ ಇಂಥದೇ ಮಕ್ಕಳ ಬಗ್ಗೆ ಬರೆದರು. ಅಲ್ಲಿಂದ ಎರಡು ಮೂರು ದಶಕ ತಾಯಂದಿರ ಪಾಲಿಗೆ ಕ್ರೂರವಾಗಿದ್ದವು. ತಾಯಿಯ ಪ್ರೀತಿ ಸಾಲದೆ ಮಗು ಹೀಗಾಯಿತು ಎಂಬ ವಾದಕ್ಕೆ ಬ್ರೂನೋ ಬೆಟೆಲ್‌ಹೈಮ್ 1967ರ ತಮ್ಮ ಪುಸ್ತಕದಿಂದ ದೊಡ್ಡ ಪ್ರಚಾರ ಕೊಟ್ಟರು. ಅದಕ್ಕೂ ಮೊದಲೇ, 1964ರಲ್ಲಿ, ಸ್ವತಃ ಆಟಿಸಂ ಇರುವ ಮಗುವಿನ ತಂದೆಯಾಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು ಎಂದು ವಾದಿಸಿದ್ದರು. ಮಾತು ಚೆನ್ನಾಗಿ ಬರುವ, ಓದಿನಲ್ಲಿ ಮುಂದಿರುವವರಲ್ಲೂ ಆಟಿಸಂ ಇರುತ್ತದೆ ಎಂಬುದು 1981ರಲ್ಲಿ ಲೋರ್ನಾ ವಿಂಗ್ ಬರೆದ ಮೇಲೆ ವ್ಯಾಪಕವಾಗಿ ತಿಳಿಯಿತು. ಕಾಲೇಜು ಎಂಬ ಪ್ರಶ್ನೆ ಏಳಲು ಈ ತಿಳಿವಳಿಕೆ ಬೇಕಿತ್ತು.

ಆದರೂ ಒಂದು ಮಾತನ್ನು ಇಲ್ಲಿ ನಿಧಾನಿಸಿ ಹೇಳಲೇಬೇಕು. ಕ್ಯಾನರ್ ಬರೆದ 11 ಮಕ್ಕಳಲ್ಲಿ ಮೊದಲನೆಯವರು ಡೊನಾಲ್ಡ್ ಟ್ರಿಪ್ಲೆಟ್, ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನವರು. ಎಳೆಯ ವಯಸ್ಸಿನಲ್ಲೇ ಅವರನ್ನು ಸಂಸ್ಥೆಯೊಂದಕ್ಕೆ ಸೇರಿಸಲಾಗಿತ್ತು. ಸುಮಾರು ವರ್ಷದ ಮೇಲೆ ತಂದೆತಾಯಿ ವಾಪಸು ಕರೆತಂದರು. ಅದೇ ಹುಡುಗ ಊರಿನ ಶಾಲೆಯಲ್ಲಿ ಓದಿ, 1958ರಲ್ಲಿ ಮಿಲ್‌ಸ್ಯಾಪ್ಸ್ ಕಾಲೇಜಿನಿಂದ ಪದವಿ ಪಡೆದು, ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿ, 2023ರಲ್ಲಿ 89ನೆಯ ವಯಸ್ಸಿನಲ್ಲಿ ತೀರಿಕೊಂಡರು. ಬ್ಯಾಂಕು ತಾಯಿಯ ಮನೆತನದ್ದು, ಅನುಕೂಲಸ್ಥ ಕುಟುಂಬ ಎಂಬುದು ನಿಜ; ಬಡವರ ಮನೆಯ ಮಗುವಿಗೆ ಇದೇ ಬಾಳು ಸಿಗುತ್ತಿತ್ತೆಂದು ನಾನು ಹೇಳಲಾರೆ. ಆದರೆ ಅವರನ್ನು ಊರು ಹೇಗೆ ನಡೆಸಿಕೊಂಡಿತು ಎಂಬುದನ್ನು ಪತ್ರಕರ್ತರಾದ ಜಾನ್ ಡಾನ್ವನ್ ಮತ್ತು ಕ್ಯಾರೆನ್ ಜುಕರ್ 2010ರಲ್ಲಿ ಹುಡುಕಿಕೊಂಡು ಹೋಗಿ ಬರೆದರು. ಡೊನಾಲ್ಡ್ ಅವರ ವಿಚಿತ್ರ ಅಭ್ಯಾಸಗಳೆಲ್ಲ ಊರವರಿಗೆ ಗೊತ್ತಿದ್ದವು, ಯಾರೂ ಅವರನ್ನು ಕಾಡಲು ಊರು ಬಿಡುತ್ತಿರಲಿಲ್ಲ. ಆಗ ಕಾನೂನೂ ಇರಲಿಲ್ಲ, ವಿಶೇಷ ಘಟಕವೂ ಇರಲಿಲ್ಲ. ಸವಣೂರಿನಂಥ ಊರಿಗೆ ಇದು ದೂರದ ಸುದ್ದಿಯಲ್ಲ. ಯಾರ ಮಗ, ಯಾವ ಓಣಿ ಎಂದು ಒಬ್ಬರಿಗೊಬ್ಬರು ಗೊತ್ತಿರುವ ಊರಿನ ಬಲ ದೊಡ್ಡ ನಗರದ ಕಾಲೇಜಿಗೆ ಸುಲಭವಾಗಿ ದಕ್ಕದು.

ಅಮೆರಿಕದಲ್ಲಿ ಕಾನೂನು ಬಂದದ್ದು 1973ರಲ್ಲಿ, ಸರ್ಕಾರದ ಹಣ ಪಡೆಯುವ ಸಂಸ್ಥೆಗಳು ಅಂಗವೈಕಲ್ಯದ ಕಾರಣಕ್ಕೆ ತಾರತಮ್ಯ ಮಾಡಬಾರದೆಂಬ ಕಲಮಿನ ಮೂಲಕ. 1990ರ ಕಾಯ್ದೆ ಅದನ್ನು ವಿಸ್ತರಿಸಿತು. ಆಟಿಸಂ ಇರುವವರಿಗಾಗಿಯೇ ಕಾಲೇಜು ಮಟ್ಟದ ಕಾರ್ಯಕ್ರಮವನ್ನು ವೆಸ್ಟ್ ವರ್ಜೀನಿಯಾದ ಮಾರ್ಷಲ್ ವಿಶ್ವವಿದ್ಯಾಲಯ 2002ರಲ್ಲಿ ಶುರುಮಾಡಿತು. ಓದಿನ ಜತೆಗೆ ದಿನಚರಿ, ಸಹಪಾಠಿಗಳೊಂದಿಗಿನ ಒಡನಾಟ, ಸ್ವತಂತ್ರವಾಗಿ ಬದುಕುವ ರೂಢಿ ಇವನ್ನೂ ನೆರವಿನ ಲೆಕ್ಕಕ್ಕೆ ಸೇರಿಸಿದ್ದು ಅದರ ಹೆಚ್ಚುಗಾರಿಕೆ.

ನಮ್ಮಲ್ಲಿ 1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಪಟ್ಟಿಮಾಡಿತು. ಆಟಿಸಂ ಅದರಲ್ಲಿ ಇರಲಿಲ್ಲ. ಶೇ 3ರ ಮೀಸಲಾತಿ ಬಂದರೂ ಈ ಮಕ್ಕಳಿಗೆ ತಲುಪಲಿಲ್ಲ. ದೆಹಲಿಯಲ್ಲಿ 1991ರಲ್ಲಿ ಮೆರ್ರಿ ಬರುವಾ ಅವರು ಹುಟ್ಟುಹಾಕಿದ ಆ್ಯಕ್ಷನ್ ಫಾರ್ ಆಟಿಸಂನಂಥ ಪೋಷಕರ ಸಂಘಟನೆಗಳು ಕೂಗೆಬ್ಬಿಸಿದ ಮೇಲೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಆಟಿಸಂ ಅನ್ನು ಹೆಸರಿಸಿತು. ಆದರೆ ಅದರ ಕಾಳಜಿ ಮುಖ್ಯವಾಗಿ ಪಾಲನೆಯದು, ತಂದೆತಾಯಿಯ ಕಾಲಾನಂತರ ಪೋಷಕರು ಯಾರು ಎಂಬುದರದು. ಶಿಕ್ಷಣ ಹಕ್ಕು ಕಾಯ್ದೆಯೊಳಗೆ ಈ ಮಕ್ಕಳು ಸ್ಪಷ್ಟವಾಗಿ ಬಂದದ್ದು 2012ರ ತಿದ್ದುಪಡಿಯಿಂದ. ಉನ್ನತ ಶಿಕ್ಷಣದ ಬಾಗಿಲು ತೆರೆದದ್ದು 21 ಬಗೆಯ ವೈಕಲ್ಯಗಳನ್ನು ಒಳಗೊಂಡ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಕನಿಷ್ಠ ಶೇ 5 ಸೀಟು, ವಯೋಮಿತಿಯಲ್ಲಿ 5 ವರ್ಷ ಸಡಿಲಿಕೆ, ಇದಕ್ಕಿಂತ ಮಿಗಿಲಾಗಿ ‘ಸಮಂಜಸ ಹೊಂದಾಣಿಕೆ’ಯ, ಅಂದರೆ ತನ್ನ ಅಗತ್ಯಕ್ಕೆ ತಕ್ಕ ಬದಲಾವಣೆ ಕೇಳುವ ಹಕ್ಕು. ಅದೇ ವರ್ಷ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ಈ ಕಾಯ್ದೆಯ ವ್ಯಾಪ್ತಿಯ ಎಲ್ಲ ಉನ್ನತ ಶಿಕ್ಷಣ ಸಂಸ್ಥೆಗಳೂ ಈ ಶೇ 5ನ್ನು ಪಾಲಿಸಬೇಕೆಂದು ಹೇಳಿತು. ಲೆಕ್ಕ ಹಾಕಿ ನೋಡಿ: 1990ರಲ್ಲಿ ಹುಟ್ಟಿ 2008ರ ಹೊತ್ತಿಗೆ ಪದವಿಗೆ ಬಂದ ಆಟಿಸಂ ಇರುವ ಹುಡುಗನ ಹೆಸರಿನಲ್ಲಿ ಕಾಲೇಜಿಗೆ ಸಂಬಂಧಿಸಿದ ಒಂದು ಹಕ್ಕೂ ನಮ್ಮ ಕಾಯ್ದೆಗಳಲ್ಲಿ ಇರಲಿಲ್ಲ. ಈ ಕ್ಷೇತ್ರ ಅಷ್ಟು ಎಳೆಯದು.

ಹಕ್ಕು ಬಂತು, ಅದನ್ನು ಪಡೆಯಲು ಸರ್ಟಿಫಿಕೇಟು ಬೇಕಾಯಿತು. ತೊಡಕು ಶುರುವಾಗುವುದೂ ಇಲ್ಲೇ. ಆಟಿಸಂ ಅಳೆಯಲು ಭಾರತದಲ್ಲೇ ಸಿದ್ಧಪಡಿಸಿದ ಮಾಪನಪಟ್ಟಿ ಇದೆ. ಐಸಾ ಎಂದು ಕರೆಯುತ್ತಾರೆ. ಅದರಲ್ಲಿ 40 ಅಂಶಗಳು. ಕಣ್ಣಿಗೆ ಕಣ್ಣು ಕೊಟ್ಟು ನೋಡುತ್ತಾನೆಯೇ, ನಕ್ಕರೆ ನಗುತ್ತಾನೆಯೇ, ಒಂದೇ ಕ್ರಮಕ್ಕೆ ಹಟ ಹಿಡಿಯುತ್ತಾನೆಯೇ, ಹೀಗೆ. ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ಒಟ್ಟು 70 ಮುಟ್ಟಿದರೆ ಮಾತ್ರ ಆಟಿಸಂ ಎಂದು ಲೆಕ್ಕ, 106ರವರೆಗೆ ಸೌಮ್ಯ, 153ರವರೆಗೆ ಮಧ್ಯಮ, ಅದರ ಮೇಲೆ ತೀವ್ರ. ಮೀಸಲಾತಿಗೆ ಬೇಕಾದ ಕನಿಷ್ಠ ಶೇ 40ರ ವೈಕಲ್ಯ ಈ 70ರ ಗೆರೆಯಲ್ಲೇ ನಿಂತಿದೆ. ಹದಿನೆಂಟು ವರ್ಷ ಸುತ್ತಲಿನವರನ್ನು ನೋಡಿ ನೋಡಿ ನಗುವುದನ್ನೂ ಕಣ್ಣು ಕೊಡುವುದನ್ನೂ ಅಭ್ಯಾಸ ಮಾಡಿಕೊಂಡ ಜಾಣ ಹುಡುಗಿ ಈ ಪಟ್ಟಿಯಲ್ಲಿ 60ಕ್ಕೆ ನಿಂತುಬಿಡಬಹುದು. ಅಂಥ ನಟನೆಗೆ ದಿನವಿಡೀ ಅವಳು ತೆರುವ ದಣಿವಿಗೆ ಪಟ್ಟಿಯಲ್ಲಿ ಅಂಕವಿಲ್ಲ. ಹುಡುಗಿಯರಲ್ಲಿ ಆಟಿಸಂ ತಡವಾಗಿ ಗುರುತಾಗುವುದು ಜಗತ್ತಿನಾದ್ಯಂತ ಕಂಡುಬಂದ ಸಂಗತಿ.

ಜತೆಗೆ ಊರಿನ ಅಳುಕು. ಧಾರವಾಡದ ಡಿಮ್ಹಾನ್ಸ್ ಈ ಭಾಗದ ಹಿರಿಯ ಮಾನಸಿಕ ಆರೋಗ್ಯ ಸಂಸ್ಥೆ. ಅದರ ಬೇರು 1845ರ ಮಾನಸಿಕ ಆಸ್ಪತ್ರೆಯಲ್ಲಿದೆ. ‘ಒಮ್ಮೆ ಧಾರವಾಡಕ್ಕ ತೋರಿಸ್ಕೊಂಡು ಬರ್ರಿ’ ಎಂದರೆ ಇವತ್ತಿಗೂ ಎಷ್ಟೋ ಮನೆಗಳಲ್ಲಿ ಮಾತು ನಿಂತುಹೋಗುತ್ತದೆ. ‘ಹುಡುಗ ಶ್ಯಾಣ್ಯಾ ಅದಾನ್ರಿ ಸರ, ಮಂದಿ ಜೋಡಿ ಬೆರೆಯಂಗಿಲ್ಲ ಅಷ್ಟ’ ಎನ್ನುವಲ್ಲಿಗೆ ವಿಷಯ ಮುಗಿಯುತ್ತದೆ. ಆ ತಾಯಿತಂದೆಯ ಭಯವನ್ನು ಹಗುರ ಮಾಡಬಾರದು. ತಂಗಿಯ ಮದುವೆ, ನೆಂಟರ ಬಾಯಿ ಎಲ್ಲವೂ ಅವರ ಕಣ್ಣ ಮುಂದೆ ಇರುತ್ತವೆ.

ಸರ್ಟಿಫಿಕೇಟಿನ ಈ ತೊಡಕುಗಳಿಂದಾಗಿಯೇ 2021ರ ಫೆಬ್ರುವರಿ 11ರ ವಿಕಾಸ್ ಕುಮಾರ್ ಪ್ರಕರಣದ ತೀರ್ಪು ನನಗೆ ಬಹಳ ಮುಖ್ಯವೆನಿಸುತ್ತದೆ. ಕೈ ಸೆಟೆದು ಬರೆಯಲಾಗದ ಅಭ್ಯರ್ಥಿಯೊಬ್ಬರು ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಗೆ ಲಿಪಿಕಾರರನ್ನು ಕೇಳಿದ್ದರು. ಮೀಸಲಾತಿಗೆ ಶೇ 40ರ ಮಿತಿ ಇರಬಹುದು, ಹೊಂದಾಣಿಕೆಯ ಹಕ್ಕಿಗೆ ಆ ಮಿತಿ ಇಲ್ಲ ಎಂದು ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿತು. ಆ ಪ್ರಕರಣ ಆಟಿಸಂ ಕುರಿತದ್ದಲ್ಲ. ಆದರೆ 60 ಅಂಕಕ್ಕೆ ನಿಂತ ಆ ಹುಡುಗಿಗೆ ಸೀಟಿನ ಮೀಸಲಾತಿ ಸಿಗದಿದ್ದರೂ ಶಾಂತವಾದ ಕೊಠಡಿಯನ್ನು ಕೇಳುವ ದಾರಿಯನ್ನು ಅದು ತೆರೆದಿಟ್ಟಿದೆ.

ಕರ್ನಾಟಕದಲ್ಲಿ ಶಾಲೆಯ ಹಂತ ಎಷ್ಟೋ ವಾಸಿ. ಬಿಇಒ ಕಚೇರಿಯಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಸಂಪನ್ಮೂಲ ಶಿಕ್ಷಕರಿದ್ದಾರೆ, ಎಸ್ಸೆಸ್ಸೆಲ್ಸಿಯಲ್ಲಿ ಭಾಷಾ ವಿಷಯದ ವಿನಾಯಿತಿ, ಹೆಚ್ಚುವರಿ ಸಮಯ ಇವೆ. ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯು, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯು ಎಂದು ಕರೆಯುವ ಪುನರ್ವಸತಿ ಕಾರ್ಯಕರ್ತರು, ಬಹುತೇಕ ತಾವೂ ವಿಕಲಚೇತನರೇ, ಯುಡಿಐಡಿ ಗುರುತಿನ ಚೀಟಿಯ ಅರ್ಜಿಯಿಂದ ಹಿಡಿದು ಪಿಂಚಣಿವರೆಗೆ ಓಡಾಡುತ್ತಾರೆ. ಕಡಿಮೆ ಗೌರವಧನಕ್ಕೆ ಅವರು ಮಾಡುವ ಕೆಲಸವನ್ನು ನಾವು ಸಾಕಷ್ಟು ಗುರುತಿಸಿಲ್ಲ. ಆದರೆ ಹತ್ತನೆಯ ತರಗತಿ ಮುಗಿದೊಡನೆ ಈ ಎಳೆ ತುಂಡಾಗುತ್ತದೆ. ಆ ಮಗುವಿಗೆ ಏನು ಒಗ್ಗುತ್ತದೆ, ಏನು ಒಗ್ಗುವುದಿಲ್ಲ ಎಂದು ಹತ್ತು ವರ್ಷ ಕಂಡ ಶಿಕ್ಷಕರ ತಿಳಿವಳಿಕೆ ಶಾಲೆಯಲ್ಲೇ ಉಳಿದು, ಪಿಯು ಕಾಲೇಜಿಗೆ ಅಂಕಪಟ್ಟಿಯೊಂದೇ ಹೋಗುತ್ತದೆ.

ಪದವಿಗೆ ಬಂದಾಗ ಇನ್ನೊಂದು ಬದಲಾವಣೆ. ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದ ಹಾವೇರಿ ಜಿಲ್ಲೆಗೆ 2023ರಲ್ಲಿ ತನ್ನದೇ ವಿಶ್ವವಿದ್ಯಾಲಯ ಬಂತು. ಯುಜಿಸಿ 2022ರಲ್ಲಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಗಮ್ಯತೆಯ ಮಾರ್ಗಸೂಚಿ ಹೊರಡಿಸಿತ್ತು. ಹೊಸ ವಿಶ್ವವಿದ್ಯಾಲಯ ತನ್ನ ನಿಯಮಗಳನ್ನು ಬರೆದುಕೊಳ್ಳುವಾಗ ಅದನ್ನು ಮೊದಲಿಗೇ ಸೇರಿಸಿಕೊಳ್ಳಬಹುದು. ಪರೀಕ್ಷೆಯ ಮಟ್ಟಿಗೆ ಕೇಂದ್ರದ ಮಾರ್ಗಸೂಚಿ ಸ್ಪಷ್ಟವಾಗಿದೆ: ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ, ಮೂರು ಗಂಟೆಯ ಪತ್ರಿಕೆಗೆ ಇಡೀ ಒಂದು ಗಂಟೆ.

ಆ ಒಂದು ಗಂಟೆಯನ್ನು ವಿದ್ಯಾರ್ಥಿ ಎಲ್ಲಿ ಕೂತು ಕಳೆಯುತ್ತಾನೆ ನೋಡಿ. ತಲೆಯ ಮೇಲೆ ಕಟಕಟ ಎನ್ನುವ ಫ್ಯಾನು, ಅರ್ಧ ಗಂಟೆಗೊಮ್ಮೆ ಗಂಟೆ, ನಡುವೆ ನುಗ್ಗುವ ಸ್ಕ್ವಾಡು, ಉಳಿದವರು ಎದ್ದು ಹೋಗುವಾಗ ಬೆಂಚುಗಳ ಸದ್ದು, ಹೊರಗೆ ಉತ್ತರ ತಾಳೆ ಹಾಕುವ ಗೆಳೆಯರ ಗಲಾಟೆ. ಕಿವಿ ತುಸು ಹೆಚ್ಚೇ ಕೇಳುವವನಿಗೆ ಇಂಥಲ್ಲಿ ಒಂದು ಗಂಟೆ ಹೆಚ್ಚು ಕೂರಿಸುವುದು ನೆರವಾಗದೆ ಹಿಂಸೆಯೂ ಆದೀತು. ಲಿಪಿಕಾರನೂ ಅಷ್ಟೇ: ಅಪರಿಚಿತನೊಬ್ಬ ಪಕ್ಕದಲ್ಲಿ ಕೂತು ಮುಖ ನೋಡುತ್ತಿದ್ದರೆ ತಿಳಿದದ್ದೂ ಬಾಯಿಗೆ ಬರುವುದಿಲ್ಲ. ಕೆಲವರಿಗೆ ಲಿಪಿಕಾರ ಬೇಕೇ ಬೇಕು, ಅದರಲ್ಲಿ ಅನುಮಾನವಿಲ್ಲ. ಕೇಳಿ ಕೊಡಬೇಕು, ಅಷ್ಟೆ.

ಇನ್ನು ತರಗತಿ. ಸರ್ಕಾರಿ ಪದವಿ ಕಾಲೇಜುಗಳು ಬಹುಪಾಲು ಅತಿಥಿ ಉಪನ್ಯಾಸಕರ ಮೇಲೆ ನಡೆಯುತ್ತವೆ. ವರ್ಷ ತಿರುಗಿದರೆ ಮುಖ ಬದಲು, ಮುಖದೊಂದಿಗೆ ರೀತಿನೀತಿಯೂ ಬದಲು. ಹಳ್ಳಿಗಳಿಂದ ಬರುವವರಿಗೆ ಬಸ್ಸಿನ ನೂಕುನುಗ್ಗಲು ಬೇರೆ. 2023ರ ಶಕ್ತಿ ಯೋಜನೆ ಹುಡುಗಿಯರ ಕೈಗೆ ಉಚಿತ ಟಿಕೆಟ್ ಇಟ್ಟದ್ದು ನಿಜಕ್ಕೂ ದೊಡ್ಡ ಉಪಕಾರ, ಆದರೆ ಬೆಳಗಿನ ಬಸ್ಸು ಇಳಿಯುವ ಹೊತ್ತಿಗೆ ಅರ್ಧ ಶಕ್ತಿ ಕಳೆದುಕೊಂಡವರಿಗೆ ಮೊದಲ ಪೀರಿಯಡ್ಡಿನ ಹಾಜರಾತಿಯಲ್ಲಿ ಸ್ವಲ್ಪ ಸಡಿಲ ಬೇಕಾಗುತ್ತದೆ. ಇಂಥವರನ್ನು ಮನೆಯಲ್ಲೇ ಕೂತು ಮುಕ್ತ ವಿಶ್ವವಿದ್ಯಾಲಯದಲ್ಲಿ ಓದಿರಿ ಎಂದು ಕಳಿಸುವವರಿದ್ದಾರೆ. ತಾವೇ ಬಯಸಿದವರಿಗೆ ಅದು ಒಳ್ಳೆಯ ದಾರಿ. ಕಾಲೇಜು ತನ್ನ ಹೊಣೆ ಜಾರಿಸಿಕೊಳ್ಳಲು ಅದನ್ನು ತೋರಿಸುವುದು ಅನ್ಯಾಯ. ಪದವಿ ಮುಗಿಸಿದರೆ ಮುಂದೆ ದಾರಿಯೂ ಇದೆ. 2016ರ ಕಾಯ್ದೆಯಂತೆ ಸರ್ಕಾರಿ ಹುದ್ದೆಗಳ ಶೇ 4ರ ಮೀಸಲಾತಿಯಲ್ಲಿ ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ದೋಷ, ಮಾನಸಿಕ ಕಾಯಿಲೆ ಮತ್ತು ಬಹುವೈಕಲ್ಯ ಉಳ್ಳವರಿಗೆ ಒಟ್ಟಾಗಿ ಶೇ 1 ಇದೆ. ಪದವಿ ಕೈಯಲ್ಲಿದ್ದರೆ ಅದರ ಉಪಯೋಗ ಹೆಚ್ಚು.

ತಾಲ್ಲೂಕಿನ ಕಾಲೇಜೊಂದು ಪ್ರವೇಶ ನಡೆಯುವ ಜೂನ್–ಜುಲೈನಲ್ಲೇ ಮಾಡಬಹುದಾದದ್ದು ಬಹಳಷ್ಟಿದೆ. ಪ್ರವೇಶಕ್ಕೆ ಬಂದ ವಿದ್ಯಾರ್ಥಿಗೆ ತರಗತಿ ಶುರುವಾಗುವ ಮೊದಲೇ ಖಾಲಿ ಕಾಲೇಜನ್ನು ಒಂದು ಸುತ್ತು ತೋರಿಸಬೇಕು. ಏನೇ ತೊಂದರೆಯಾದರೂ ಹೋಗಿ ಹೇಳಲು ಒಬ್ಬ ಕಾಯಂ ಅಧ್ಯಾಪಕರನ್ನು ಗೊತ್ತುಮಾಡಬೇಕು. ಹೇಳಬೇಕಾದದ್ದನ್ನು ಬರೆದು ತೋರಿಸಲೂ ಅವಕಾಶವಿರಬೇಕು. ವೇಳಾಪಟ್ಟಿ ಬದಲಾದರೆ ಹಿಂದಿನ ದಿನವೇ ಸಂದೇಶ, ಕೂರಲು ಗೋಡೆಯ ಪಕ್ಕದ ನಿಗದಿತ ಜಾಗ, ಎಲ್ಲರೆದುರು ನಿಂತು ಸೆಮಿನಾರ್ ಕೊಡಲಾಗದಿದ್ದರೆ ಅಧ್ಯಾಪಕರೊಬ್ಬರ ಎದುರು ಕೊಡುವ ಅವಕಾಶ, ಗದ್ದಲ ಮಿತಿಮೀರಿದಾಗ ಹತ್ತು ನಿಮಿಷ ಗ್ರಂಥಾಲಯದಲ್ಲಿ ಕೂತು ಬರುವ ಅನುಮತಿ. ಇವನ್ನು ಕೋರಿ ವಿದ್ಯಾರ್ಥಿ ಬರೆದ ಅರ್ಜಿಗೆ ಹಳೆಯ ಶಾಲೆಯ ಶಿಕ್ಷಕರ ಒಂದು ಪತ್ರ ಲಗತ್ತಿಸಿದರೆ ಹತ್ತು ವರ್ಷದ ತಿಳಿವಳಿಕೆಯೂ ಜತೆಗೆ ಬರುತ್ತದೆ. ಹೆಚ್ಚುವರಿ ಸಮಯ, ಲಿಪಿಕಾರ, ಪ್ರತ್ಯೇಕ ಪರೀಕ್ಷಾ ಕೊಠಡಿ ಇವಕ್ಕೆ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದ ಒಪ್ಪಿಗೆ ಬೇಕು, ಅದನ್ನು ಸೆಮಿಸ್ಟರ್ ಆರಂಭದಲ್ಲೇ ಕೇಳಿಟ್ಟುಕೊಳ್ಳಬೇಕು. ಉಳಿದದ್ದಕ್ಕೆಲ್ಲ ಪ್ರಾಚಾರ್ಯರ ಸಹಿ ಸಾಕು.